ಪಾಲಿಗೆ ಇಟ್ಟ ಲಕೋಟೆ

ನಮ್ಮ ಭಾನುವಾರದ ಕೂಟದ ವಾಟ್ಸಾಪ್ ಗುಂಪಿನಲ್ಲಿ ಈಗ ಒಂದು ಕತೆ ಓಡಾಡುತ್ತಿದೆ. ಬೇರೆಯಾದ ಇಬ್ಬರು ಅಣ್ಣತಮ್ಮಂದಿರು, ಅವರ ಮನೆಯಲ್ಲೊಂದು ಹಳೆಯ ಅಮೆರಿಕದ ಲಕೋಟೆ, ಕೊನೆಗೆ ಆ ಲಕೋಟೆಯೇ ಅವರನ್ನು ಒಂದುಗೂಡಿಸಿತಂತೆ. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಆ ಕತೆಯಲ್ಲಿ ನಾನೂ ಇದ್ದೇನೆ, ಕಣ್ಣಲ್ಲಿ ನೀರು ತಂದುಕೊಂಡ ಮೇಡಂ ಆಗಿ.

ನಾನು ಅಳಲಿಲ್ಲ. ಅಣ್ಣತಮ್ಮಂದಿರು ಒಂದಾಗಲಿಲ್ಲ. ಲಕೋಟೆ ಹಾಳಾಯಿತು. ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಆ ಕತೆ ಕಟ್ಟಿದವನು ನನ್ನ ಗೆಳೆಯ, ನಡೆದದ್ದು ಅವನಿಗೆ ನನ್ನಷ್ಟೇ ಚೆನ್ನಾಗಿ ಗೊತ್ತು. ಅದಕ್ಕೇ ಸಿಟ್ಟು ಇರುವಾಗಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದರೆ ನನ್ನ ನೆನಪೂ ಅವನ ಕತೆಯಂತೆ ನುಣ್ಣಗಾಗಿಬಿಡುತ್ತದೆ. ಈಗಾಗಲೇ ಶುರುವಾಗಿದೆ. ಕುರುಗೋಡಿನ ಆ ಮನೆಯ ದೇವರ ಕೋಣೆಯನ್ನು ನೆನೆದಾಗಲೆಲ್ಲ ಕಿಟಕಿಯಿಂದ ಬಿಸಿಲಿನ ಕೋಲೊಂದು ಬಂದು ಲಕೋಟೆಯ ಮೇಲೆ ಬೀಳುತ್ತದೆ. ಆ ಕೋಣೆಗೆ ಕಿಟಕಿಯೇ ಇಲ್ಲ. ಟ್ಯೂಬ್‌ಲೈಟ್ ಇತ್ತು, ಅದೂ ಮಿಣಮಿಣ ಅನ್ನುತ್ತಿತ್ತು.

ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಸತ್ಯನಾರಾಯಣಪೇಟೆಯಲ್ಲಿ ಮನೆ. ಅಮೆರಿಕದವರು ಅಂಚೆಚೀಟಿ ಅಚ್ಚು ಹಾಕಲು ಶುರುಮಾಡಿದ ಮೊದಮೊದಲ ಕಾಲದ ಚೀಟಿಗಳನ್ನು, ಅವು ಅಂಟಿಕೊಂಡು ಬಂದ ಲಕೋಟೆಯ ಸಮೇತ ಕೂಡಿಹಾಕುತ್ತೇನೆ. ಅದರಲ್ಲೂ ಹಳೆಯ ಮದ್ರಾಸ್ ಪ್ರಾಂತ್ಯದ ಊರುಗಳಿಗೆ ಬಂದಿದ್ದರೆ ಬೇಕೇ ಬೇಕು. ಅಮೆರಿಕವೇ ಯಾಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಅಪ್ಪನ ಪೆಟ್ಟಿಗೆಯಲ್ಲಿ ಒಂದು ಸಿಕ್ಕಿತ್ತು ಎಂದು ಒಬ್ಬರಿಗೆ, ಆ ಕಾಲದ ಕೆತ್ತನೆಯ ಗೆರೆಗಳು ಇಷ್ಟ ಎಂದು ಇನ್ನೊಬ್ಬರಿಗೆ. ಅಪ್ಪನ ಪೆಟ್ಟಿಗೆಯ ಮಾತು ಸುಳ್ಳೇ ಇರಬೇಕು. ಅಪ್ಪನ ಬಳಿ ಪೆಟ್ಟಿಗೆ ಇದ್ದದ್ದು ನೆನಪಿಲ್ಲ.

ಲಕೋಟೆ ಯಾಕೆ ಎಂಬುದಕ್ಕೆ ಮಾತ್ರ ಒಂದೇ ಉತ್ತರ. ಬಿಡಿ ಚೀಟಿ ಬಣ್ಣದ ಕಾಗದದ ಚೂರು, ಊರಿಲ್ಲ, ದಾರಿಯಿಲ್ಲ. ಅದೇ ಚೀಟಿ ಲಕೋಟೆಯ ಮೇಲಿದ್ದರೆ ಅಂಚೆಯವನು ಒತ್ತಿದ ಮುದ್ರೆ ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ ಬಿದ್ದಿರುತ್ತದೆ. ಎರಡೂ ಅರ್ಧ ಕೂಡಿದ ಕಡೆ ನೋಡಿದರೆ ಇದು ಇಲ್ಲೇ ಅಂಟಿತ್ತು, ಇದೇ ದಾರಿಯಲ್ಲಿ ಬಂತು ಎಂದು ಗೊತ್ತಾಗುತ್ತದೆ. ನಾನು ಇಡೀ ಜಗತ್ತಿನಲ್ಲಿ ನಂಬುವ ಸಾಕ್ಷಿ ಎಂದರೆ ಆ ಒಂದು ದುಂಡು ಗೆರೆ.

ಗೆಳೆಯನದು ಬಟ್ಟೆ ಅಂಗಡಿ. ಮೋಕದ ಕಡೆಯವನು, ಮಾತು ಅರ್ಧ ತೆಲುಗು. ಅವನ ಅಂಗಡಿಯ ಮಹಡಿಯ ಮೇಲೆ ನಾವು ಕೆಲವರು ಭಾನುವಾರ ಸೇರುತ್ತೇವೆ. ಅವನು ಕೂಡಿಹಾಕುವುದು ಬಿಡಿ ಚೀಟಿಗಳನ್ನು. ಸಿಕ್ಕ ಲಕೋಟೆಯನ್ನೆಲ್ಲ ನೀರಿಗೆ ಹಾಕಿ, ಚೀಟಿ ಬಿಡಿಸಿ, ಪೇಪರಿನ ಮೇಲೆ ಹಪ್ಪಳದಂತೆ ಒಣಗಿಸಿ, ಬಣ್ಣಬಣ್ಣಕ್ಕೆ ಬೇರೆ ಆಲ್ಬಂ ಮಾಡುತ್ತಾನೆ. ಎಷ್ಟೋ ಸಲ ಜಗಳಾಡಿದ್ದೇವೆ.

"ಕವರು ಅಂದ್ರ ಬಾಳೆಹಣ್ಣಿನ ಸಿಪ್ಪಿ ಮೇಡಂ. ನೀವು ಸಿಪ್ಪಿ ಸಮೇತ ತಿಂತೀರಿ, ಅಂತೇ."

ಅವನ ಪ್ರತಿ ಮಾತೂ ಆ ತೆಲುಗಿನ 'ಅಂತೇ'ಯಲ್ಲಿ ಮುಗಿಯುತ್ತದೆ. ಅಷ್ಟೇ, ಇನ್ನು ಮಾತಿಲ್ಲ ಎಂಬಂತೆ.

ಕುರುಗೋಡಿನ ಮನೆಯ ಸುದ್ದಿ ತಂದವನೂ ಅವನೇ. ಆ ಮನೆಯವರು ಮದುವೆ ಬಟ್ಟೆಗೆ ಅವನ ಅಂಗಡಿಗೇ ಬರುವವರು. ಹಿಂದೆ ಹತ್ತಿ ವ್ಯಾಪಾರ ಮಾಡಿದ ಮನೆತನ. ಅವ್ವ ಕುರುಗೋಡಿನಲ್ಲಿ ಸಣ್ಣ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದಾಳೆ. ದೊಡ್ಡ ಮಗ ಸಿರುಗುಪ್ಪದಲ್ಲಿ ಅಕ್ಕಿ ಮಿಲ್ ನಡೆಸುತ್ತಾನೆ. ಹಚ್ಚೊಳ್ಳಿ ಕಡೆ ಕಾಲುವೆ ನೀರಿನ ಗದ್ದೆಗಳಿವೆ. ದೇವರ ಜಗಲಿಯ ಮೇಲೆ ಯಾವುದೋ ಪರದೇಶದ ಪತ್ರ ಇಟ್ಟು ಪೂಜೆ ಮಾಡುತ್ತಾರೆ ಎಂದು ಗೆಳೆಯ ಹೇಳಿದಾಗ ನಾನು ಪಾಠ ಬಿಟ್ಟು ಅವನ ಜೊತೆ ಹೊರಟೆ.

"ಮುಟ್ಟಬ್ಯಾಡವ್ವಾ, ಕೈಕಾಲು ತೊಳ್ಕೊಂಡು ಬಾ," ಅಂದಳು ಅವ್ವ. ತೊಳೆದುಕೊಂಡು ಬಂದೆ. "ಕೈ ಒರೆಸ್ಕೋ. ನೀರು ಹತ್ತೀತು."

ಹರಾಜು ಮನೆಗಳಲ್ಲಿ ಕೂಡ ನನಗೆ ಇಷ್ಟು ಒಳ್ಳೆಯ ಮಾತನ್ನು ಯಾರೂ ಹೇಳಿರಲಿಲ್ಲ.

ತಿಳಿನೀಲಿ ಕಾಗದದ ಲಕೋಟೆ. ಬಲಮೂಲೆಯಲ್ಲಿ ಮೂವತ್ತು ಸೆಂಟಿನ ಕಿತ್ತಳೆ ಬಣ್ಣದ ಚೀಟಿ, ಅದರ ಪಕ್ಕಕ್ಕೆ ಮೂರು ಸೆಂಟಿನ ಗುಲಾಬಿ. ಎರಡೂ ಕೂಡಿದರೆ ಆಗ ಹಡಗಿನಲ್ಲಿ ಪತ್ರ ಇಲ್ಲಿಗೆ ಬರುವ ದರ. ಎರಡರ ಮೇಲೂ ಹಾದು ಕಾಗದಕ್ಕೆ ಇಳಿದ ಕಪ್ಪು ಮುದ್ರೆ. ಉದ್ದ ಬಾಲದ ಇಂಗ್ಲಿಷ್ ಅಕ್ಷರದಲ್ಲಿ ಅವರ ಹಿರಿಯರ ಹೆಸರು, ಹತ್ತಿ ವರ್ತಕರು, ಬಳ್ಳಾರಿ, ಮದ್ರಾಸ್ ಪ್ರಾಂತ್ಯ. ಒಳಗಿನ ಪತ್ರದಲ್ಲಿ ಗುಟ್ಟೇನೂ ಇರಲಿಲ್ಲ. ಹತ್ತಿ ಬಿಡಿಸುವ ಯಂತ್ರದ ಬೆಲೆ, ಅದರ ಹಲ್ಲುಚಕ್ರಗಳ ವಿವರ.

"ಯಂತ್ರ ಬಂತೇನವ್ವಾ?"

"ಎಲ್ಲಿಂದ. ರೇಟು ಓದಿಸಿ ಕೇಳಿ ಮುತ್ತ್ಯಾ ಸುಮ್ನ ಕುಂತನಂತ. ಮಷೀನು ಬರ್ಲಿಲ್ಲ, ಪತ್ರ ಬಂತು. ಅಷ್ಟು ದೂರದಿಂದ ನಮ್ಮ ಹೆಸರು ಹುಡುಕ್ಕೊಂಡು ಬಂತಲ್ಲ, ಅದಕ್ಕ ಇಟ್ಟೀವಿ."

ಪ್ರತಿ ದೀಪಾವಳಿಗೆ ಖಾತೆ ಪುಸ್ತಕದ ಜೊತೆ ಇದಕ್ಕೂ ವಿಭೂತಿ. ಯಾವಾಗಲೋ ಇಟ್ಟ ಒಂದು ಕುಂಕುಮದ ಬೊಟ್ಟು ಗುಲಾಬಿ ಚೀಟಿಯ ಅಂಚಿಗೆ ತಾಗಿತ್ತು. ನನಗೆ ಅದು ಕೊಳೆಯಾಗಿ ಕಾಣಲಿಲ್ಲ ಎಂದು ಬರೆಯಲು ಕೈ ಮುಂದಾಗುತ್ತಿದೆ. ಕಂಡಿತು. ಅದನ್ನು ಹೇಗೆ ತೆಗೆಯಬಹುದು ಎಂಬ ಲೆಕ್ಕವೂ ತಲೆಯಲ್ಲಿ ಓಡಿತು. ಆದರೆ ಬಾಯಲ್ಲಿ ಹೇಳಿದ್ದು ಇಷ್ಟು: ಇದನ್ನು ಮಾರಬೇಡಿ, ನನಗೂ ಕೊಡಬೇಡಿ, ಹೀಗೇ ಇಡಿಯಾಗಿ ಇರಲಿ.

"ಹಂಗಾ ಐತಲ್ಲವ್ವಾ," ಅಂದಳು ಅವ್ವ. ಇಷ್ಟು ಹೇಳಲು ಬಳ್ಳಾರಿಯಿಂದ ಯಾಕೆ ಬಂದಳು ಎಂಬಂತೆ ನನ್ನ ಮುಖ ನೋಡಿದಳು.

ಬಳ್ಳಾರಿಯ ಬಸ್ಸು ಹತ್ತುವ ಮೊದಲೇ ಗೆಳೆಯ ತನ್ನ ಫೋನಿನಲ್ಲಿ ತೆಗೆದ ಪಟವನ್ನು ಗುಂಪಿಗೆ ಹಾಕಿಬಿಟ್ಟಿದ್ದ. ಕೆಳಗೆ ಒಂದು ಸಾಲು: ಈ ಕಾಗದಕ್ಕೆ ಒಂದು ಹೊಸ ಕಾರು ಬರುತ್ತದೆ.

"ಯಾರು ಹೇಳಿದ್ರು ನಿಮಗ ಕಾರು ಬರ್ತೈತಿ ಅಂತ?"

"ಸುಮ್ನ ಒಂದು ಮಾತು ಮೇಡಂ. ಜನಕ್ಕ ತಿಳೀಬೇಕಲ್ಲ."

ಜನಕ್ಕೆ ತಿಳಿಯಿತು. ಗುಂಪಿನಿಂದ ಗುಂಪಿಗೆ ಹಾರಿ ಸಿರುಗುಪ್ಪದ ಮಿಲ್ಲಿಗೆ ಮುಟ್ಟಿತು. ಅಣ್ಣತಮ್ಮಂದಿರು ಪಾಲಾಗುವ ಮಾತು ಮೊದಲೇ ನಡೆದಿತ್ತು. ಹೊಲ, ಮಿಲ್ಲು, ಮನೆ ಕಾಗದದ ಮೇಲೆ ಇತ್ಯರ್ಥವಾಗಿ, ಮನೆಯೊಳಗಿನ ಸಾಮಾನು ಮಾತ್ರ ಉಳಿದಿತ್ತು. ಅಲ್ಲಿಯವರೆಗೆ ದೇವರ ಜಗಲಿಯ ಮೇಲಿನ ಯಾವುದನ್ನೂ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಾರು ಎಂಬ ಮಾತು ಬಂದ ಮೇಲೆ ಆ ಪತ್ರವೂ ಸಾಮಾನಾಯಿತು.

ಆ ಮನೆತನದಲ್ಲಿ ಪಾಲಿಗೆ ಒಂದು ಪದ್ಧತಿ. ದೊಡ್ಡವನು ಎರಡು ಪಾಲು ಮಾಡಿ ಇಡಬೇಕು, ಸಣ್ಣವನು ಮೊದಲು ಆರಿಸಬೇಕು. ಮೋಸಕ್ಕೆ ದಾರಿಯೇ ಇಲ್ಲದ ಪದ್ಧತಿ ಎಂದು ಎಲ್ಲರೂ ಹೊಗಳುತ್ತಾರೆ. ಒಂದು ಪಾಲು ಹೆಚ್ಚಾದರೆ ಸಣ್ಣವನು ಅದನ್ನೇ ಎತ್ತುತ್ತಾನೆ. ಆ ಹೆದರಿಕೆಗೆ ದೊಡ್ಡವನು ಗುಂಜಿಯಷ್ಟೂ ಆಚೀಚೆ ಆಗದಂತೆ ಹಂಚುತ್ತಾನೆ. ಹಂಚಲು ಆಗದ ವಸ್ತು ಬಂದರೆ ಏನು ಮಾಡಬೇಕೆಂದು ಮಾತ್ರ ಆ ಪದ್ಧತಿಯಲ್ಲಿ ಇಲ್ಲ. ಇದ್ದ ಎಲ್ಲ ಸಾಮಾನನ್ನೂ ಪಾಲು ಮಾಡುವವನ ಕೈಗೆ ಮೊದಲೇ ಒಪ್ಪಿಸಬೇಕು. ಹಾಗೆ ಪತ್ರ ಸಿರುಗುಪ್ಪಕ್ಕೆ ಹೋಯಿತು.

ನಾನು ದೊಡ್ಡ ಮಗನಿಗೆ ಫೋನ್ ಮಾಡಿದೆ. ಯಾರ ಪಾಲಿಗಾದರೂ ಹೋಗಲಿ, ಇಡಿಯಾಗಿ ಹೋಗಲಿ, ಚೀಟಿ ಬಿಡಿಸಬೇಡಿ ಎಂದೆ.

"ನೀವು ಚಿಂತಿ ಮಾಡಬ್ಯಾಡ್ರಿ ಮೇಡಂ. ಎಲ್ಲಾ ನಾಜೂಕಾಗಿ ಮಾಡ್ತೀನಿ."

ಆ ನಾಜೂಕು ಯಾವುದರದು ಎಂದು ನಾನು ಕೇಳಲಿಲ್ಲ.

ಪಾಲಿನ ದಿನ ಸಾಕ್ಷಿಗೆಂದು ಸಣ್ಣ ಮಗ ನನ್ನನ್ನೂ ಗೆಳೆಯನನ್ನೂ ಕರೆಸಿದ. ಪಡಸಾಲೆಯಲ್ಲಿ ಎರಡು ಕಂಬಳಿ ಹಾಸಿತ್ತು. ಒಂದರ ಮೇಲೆ ತಾಮ್ರದ ಹಂಡೆ, ಇನ್ನೊಂದರ ಮೇಲೆ ಹಿತ್ತಾಳೆಯ ಕೊಪ್ಪರಿಗೆ. ಇಲ್ಲಿ ಬೆಳ್ಳಿ ಆರತಿ, ಅಲ್ಲಿ ಬೆಳ್ಳಿಯ ದೀಪದ ಸಮೆ. ಎಡಗಡೆಯ ಕಂಬಳಿಯ ತುದಿಯಲ್ಲಿ ನಮ್ಮ ಲಕೋಟೆ. ಬಲಗಡೆ ಸ್ಟೀಲ್ ತಾಟಿನೊಳಗೆ ಒಂದು ಪೇಪರಿನ ಚೂರು, ಅದರ ಮೇಲೆ ಕಿತ್ತಳೆ ಚೀಟಿ, ಗುಲಾಬಿ ಚೀಟಿ, ಪಕ್ಕದಲ್ಲಿ ಮಡಚಿದ ಪತ್ರದ ಹಾಳೆ.

ಲಕೋಟೆಯ ಬಲಮೂಲೆ ನೀರು ಕುಡಿದು ಸುಕ್ಕಾಗಿತ್ತು. ಕುಂಕುಮ ಕರಗಿ ಹೆಸರಿನ ಕೊನೆಯ ಅಕ್ಷರದವರೆಗೂ ಹರಿದಿತ್ತು. ಚೀಟಿ ಇದ್ದ ಕಡೆ ಎರಡು ಖಾಲಿ ಚೌಕ, ಅವುಗಳ ಸುತ್ತ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಮುದ್ರೆಯ ತುಂಡು ಗೆರೆಗಳು.

ದೊಡ್ಡ ಮಗ ತಾಟನ್ನು ನನ್ನ ಕಡೆ ಸರಿಸಿದ. "ನೋಡ್ರಿ ಮೇಡಂ, ಚೀಟಿ ಅಂಚಿಂದು ಒಂದು ಹಲ್ಲು ಮುರಿದಿಲ್ಲ."

"ಹೀಂಗ ಮಾಡಾಕ ಯಾರು ಹೇಳಿದ್ರು?"

"ಈ ಅಂಗಡಿ ಸಾಹೇಬ್ರಾ ಫೋನ್‌ನಾಗ ಹೇಳಿದ್ರು. ಉಗುರು ಬೆಚ್ಚಗ ನೀರು, ಎಳೀಬಾರ್ದು, ತಾನಾ ಬಿಡಬೇಕು ಅಂತ. ಅವರ ಆಲ್ಬಂ ನೋಡೀನಲ್ರಿ ಅಂಗಡ್ಯಾಗ, ಅದ್ರಾಗ ಎಲ್ಲೂ ಕವರಿಲ್ಲ. ಅಂದ್ರ ರೇಟು ಇರೋದು ಚೀಟಿಗೆ. ಕವರಿಗೆ ನಮ್ಮ ಮುತ್ತ್ಯಾನ ಹೆಸರೈತಿ. ಒಂದು ಕಡಿ ರೇಟು, ಒಂದು ಕಡಿ ಹೆಸರು. ಸಮ ಆತಲ್ರಿ?"

ನಾನು ಗೆಳೆಯನ ಮುಖ ನೋಡಿದೆ. ಅವನು ಫ್ಯಾನು ನೋಡುತ್ತಿದ್ದ. "ಅವರು ಕೇಳಿದ್ರು, ನಾನು ಹೇಳ್ದೆ. ಅಂತೇ ಮೇಡಂ."

ಸಣ್ಣವನು ಎರಡೂ ಕಂಬಳಿಯ ಸುತ್ತ ಒಮ್ಮೆ ತಿರುಗಿ ಎಡಗಡೆಯದರ ಮೇಲೆ ಕೈಯಿಟ್ಟ. "ನನಗ ಹೆಸರು ಸಾಕು. ರೇಟು ಅಣ್ಣಗಿರಲಿ, ಅಂವಗ ಅದಾ ಬೇಕಲ್ಲ."

"ಹೆಸರು ಇಟ್ಕೊಂಡು ಉಪ್ಪಿನಕಾಯಿ ಹಾಕ್ಕೋ," ಅಂದ ದೊಡ್ಡವನು. ಯಾರೋ ನಕ್ಕರು. ಆಮೇಲೆ ಎಲ್ಲರೂ ನನ್ನತ್ತ ತಿರುಗಿದರು. ಈಗ ಹೇಳ್ರಿ, ಯಾರಿಗೆ ಹೆಚ್ಚು ಬಂತು?

ಇಲ್ಲಿ ನಾನು ಏನು ಹೇಳಿದೆ? ಗೆಳೆಯನ ಕತೆಯಲ್ಲಿ ನಾನು ಕಣ್ಣೊರೆಸಿಕೊಂಡು ಸುಮ್ಮನೆ ನಿಂತೆ. ನನ್ನ ನೆನಪಿನಲ್ಲಿ ನಾನು ಕೂಗಾಡಿದೆ, ಇಬ್ಬರಿಗೂ ಏನೂ ಬರಲಿಲ್ಲ, ಇದ್ದದ್ದೂ ಹೋಯಿತು ಎಂದು ಕಂಬಳಿಗಳ ನಡುವೆ ನಿಂತು ಭಾಷಣ ಮಾಡಿದೆ. ಆಮೇಲೆ ಅವ್ವನನ್ನು ಕೇಳಿದಾಗ ಅವಳು ಅಂದದ್ದು, "ನೀನೇನು ಅಂದಿ. ಕುಡಿಯಾಕ ನೀರು ಕೇಳ್ದಿ. ಕೊಟ್ವಿ." ಮೂರರಲ್ಲಿ ಇದೇ ನಿಜವಿರಬೇಕು. ಇದರಲ್ಲಿ ನನಗೆ ಏನೂ ಮರ್ಯಾದೆ ಇಲ್ಲ.

ಕೆಲವು ವಾರ ಕಳೆದು ದೊಡ್ಡ ಮಗ ಸಿರುಗುಪ್ಪಕ್ಕೆ ಕರೆದ. ಮಿಲ್ಲಿನ ಆಫೀಸು ಎಂದರೆ ತೌಡಿನ ದೂಳು ಕೂತ ಒಂದು ಟೇಬಲ್ಲು, ಎರಡು ಪ್ಲಾಸ್ಟಿಕ್ ಕುರ್ಚಿ. ಹಿಂದುಗಡೆ ಯಂತ್ರದ ಸದ್ದು. ಅವನು ಜೋರಾಗಿ ಕೇಳಿದ.

"ಎಷ್ಟಕ್ಕ ಹೋಗ್ತಾವ್ರಿ?"

ಗುಲಾಬಿ ಬಣ್ಣದ್ದನ್ನು ಅಮೆರಿಕದವರು ರಾಶಿ ರಾಶಿ ಅಚ್ಚು ಹಾಕಿದ್ದರು, ಬಿಡಿಯಾಗಿ ಅದಕ್ಕೆ ಏನೂ ಇಲ್ಲ ಎಂದೆ. ಕಿತ್ತಳೆಯನ್ನು ತಿರುವಿ ತೋರಿಸಿದೆ. ಬಿಡಿಸುವಾಗ ಹಿಂಬದಿಯ ಕಾಗದ ಒಂದು ಕಡೆ ಸುಲಿದು ಬೆಳಕಿಗೆ ಹಿಡಿದರೆ ಆರಪಾರ ಕಾಣುತ್ತಿತ್ತು. ಇದು ಲಕೋಟೆಯ ಮೇಲಿದ್ದಾಗ ಮಾತು ಬೇರೆ, ಈಗ ಇದಕ್ಕೆ ನಿಮ್ಮ ಮಿಲ್ಲಿನ ಒಂದು ಬೆಲ್ಟೂ ಬರುವುದಿಲ್ಲ ಎಂದೆ.

ಅವನು ಚೀಟಿಯನ್ನು ತಾನೂ ಬೆಳಕಿಗೆ ಹಿಡಿದು ನೋಡಿದ. "ಬಿಚ್ಚಿದ್ರ ರೇಟು ಇಳೀತೈತಿ ಅಂತ ಮೊದಲಾ ಯಾಕ ಹೇಳ್ಲಿಲ್ಲ?"

"ಬಿಡಿಸಬ್ಯಾಡ್ರಿ ಅಂತ ಹೇಳಿದ್ನಲ್ರಿ."

"ಬಿಡಿಸಬ್ಯಾಡ್ರಿ ಅಂದ್ರಿ. ರೇಟು ಇಳೀತೈತಿ ಅಂತ ಅಂದ್ರ್ಯಾ?"

ಹೇಳಿರಲಿಲ್ಲ. ಯಾಕೆ ಹೇಳಬೇಕಿತ್ತು? ಬಾವಿಗೆ ಮಣ್ಣು ಹಾಕಬೇಡಿ ಎಂದರೆ ಯಾಕೆಂದು ಕೇಳುತ್ತಾರೆಯೇ? ಈಗ ಬರೆಯುವಾಗ ನನ್ನ ಸಿಟ್ಟು ಯಾರ ಮೇಲೆ ಎಂದು ಹುಡುಕಿದರೆ ಇಲ್ಲಿಗೆ ಬಂದು ನಿಲ್ಲುತ್ತದೆ. ಇಡಿಯಾಗಿರಲಿ ಎಂಬ ಮಾತು ಒಂದೇ ಬಂದರೆ ಅದನ್ನು ಯಾರೂ ಮಾತೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೊತೆಗೆ ಬೆಲೆ ಬರಬೇಕು. ಗೆಳೆಯ ಬೆಲೆ ಹೇಳಿದ, ಅವನ ಮಾತು ಸಿರುಗುಪ್ಪಕ್ಕೆ ಮುಟ್ಟಿತು. ನಾನು ಬೆಲೆ ಹೇಳಲಿಲ್ಲ, ನನ್ನದು ಫೋನಿನಲ್ಲೇ ಸತ್ತಿತು.

ದೊಡ್ಡವನು ಅಕ್ಕಿಯ ಮಾದರಿ ಕಟ್ಟಿಕೊಡುವ ಪೊಟ್ಟಣದೊಳಗೆ ಎರಡೂ ಚೀಟಿ ಹಾಕಿ ನನ್ನ ಮುಂದೆ ಒಗೆದ. "ನೀವಾ ಇಟ್ಕೋರಿ. ಆಲ್ಬಂಗ ಹಚ್ಕೋರಿ. ನನಗ ಇದರ ಮಾರಿ ನೋಡಾಕ ಮನಸಿಲ್ಲ." ನಾನು ಪೊಟ್ಟಣ ಎತ್ತಿಕೊಂಡಾಗ ಕೇಳಿದ. "ಸಣ್ಣಂವಗ ಹೇಳೀರೇನು ಇದು?"

"ಇಲ್ಲ."

"ಹೇಳಬ್ಯಾಡ್ರಿ. ನಗ್ತಾನ."

ಬಳ್ಳಾರಿಯಲ್ಲಿ ಬಸ್ಸಿಳಿಯುವಷ್ಟರಲ್ಲಿ ಗೆಳೆಯನ ಫೋನು. ಅವನಿಗೆ ಯಾರು ಹೇಳಿದರೋ, ಚೀಟಿ ನನ್ನ ಬಳಿ ಇರುವುದು ಗೊತ್ತಾಗಿತ್ತು.

"ಮೇಡಂ, ಇನ್ನೂ ಕೆಟ್ಟಿಲ್ಲ. ಕವರು ಕೇಳಿ ತಗೊಳ್ರಿ, ಇದ್ದ ಜಾಗಕ್ಕ ಕೂಡ್ಸಿ ಹಚ್ರಿ. ನಿಮಗ ಕೆಮಿಸ್ಟ್ರಿ ಬರ್ತೈತಿ, ಅಂಟು ಗೊತ್ತೈತಿ, ಸುಕ್ಕು ತೆಗೆಯಾಕ ಬರ್ತೈತಿ. ಗೀಟಿಗೆ ಗೀಟು ಕೂಡಿದ್ರ ದೇವರಿಗೂ ಗೊತ್ತಾಗಂಗಿಲ್ಲ. ಆಗ ಕಾರಿಗೆ ಕಾರು."

ಬಸ್ ನಿಲ್ದಾಣದಲ್ಲಿ ನಿಂತು ನಾನು ಅವನಿಗೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಬೈಯುತ್ತಿದ್ದಾಗಲೇ ನನ್ನ ತಲೆಯ ಇನ್ನೊಂದು ಮೂಲೆ ಯಾವ ಅಂಟು, ಎಷ್ಟು ತೆಳು, ಯಾವ ತೂಕದ ಕೆಳಗೆ ಎಷ್ಟು ಹೊತ್ತು ಎಂದು ಯೋಚಿಸುತ್ತಿತ್ತು. ಅವನು ಹೇಳಿದ್ದು ನಿಜ. ನನ್ನ ಕೈಯಿಂದ ಅದು ಆಗುತ್ತಿತ್ತು. ನನ್ನ ಸಿಟ್ಟಿಗೆ ಅದೂ ಸೇರಿಕೊಂಡಿತು.

ಮುಂದಿನ ರಜೆಗೆ ಪೊಟ್ಟಣ ತೆಗೆದುಕೊಂಡು ಕುರುಗೋಡಿಗೆ ಹೋದೆ. ಲಕೋಟೆ ಮತ್ತೆ ಜಗಲಿಯ ಮೇಲಿತ್ತು. ಊಟದ ಹೊತ್ತು, ಸೊಸೆ ಅನ್ನ ಬಸಿಯುತ್ತಿದ್ದಳು. ಸಣ್ಣ ಮಗ ಪೊಟ್ಟಣ ಬಿಚ್ಚಿ ನೋಡಿ ಹಾಗೆಯೇ ಮುಚ್ಚಿದ.

"ಅವನ ಪಾಲಿಂದು ನನಗ ಬ್ಯಾಡ್ರಿ. ನಾಳಿ ನಾನು ಕದ್ದೆ ಅಂತಾನ."

"ನಿನಗ ಕೊಡಾಕ ಯಾರು ತಂದಾರಲೇ," ಅಂದಳು ಅವ್ವ. "ಪತ್ರದ್ದು ಪತ್ರಕ್ಕ ಕೊಡಾಕ ತಂದಾಳ ಅಕಿ." ನನ್ನ ಕಡೆ ತಿರುಗಿದಳು. "ಹಚ್ಚವ್ವಾ, ಮೊದಲು ಹೆಂಗಿತ್ತೋ ಹಂಗ."

ನಾನು ಲಕೋಟೆಯನ್ನು ಕೆಳಗಿಟ್ಟು ಕಿತ್ತಳೆ ಚೀಟಿಯನ್ನು ಅದರ ಖಾಲಿ ಚೌಕದ ಮೇಲೆ ಇಟ್ಟೆ. ಮುದ್ರೆಯ ದುಂಡು ಕೂಡಲಿಲ್ಲ. ನೀರು ಕುಡಿದು ಒಣಗುವಾಗ ಲಕೋಟೆಯ ಕಾಗದ ಒಂದು ರೀತಿ ಎಳೆದುಕೊಂಡಿತ್ತು, ಚೀಟಿಯದು ಇನ್ನೊಂದು ರೀತಿ. ಮೇಲಿನ ಗೆರೆ ಕೂಡಿಸಿದರೆ ಕೆಳಗಿನದು ಕೂದಲೆಳೆಯಷ್ಟು ತಪ್ಪುತ್ತಿತ್ತು, ಕೆಳಗಿನದು ಕೂಡಿಸಿದರೆ ಮೇಲಿನದು. ಕೂದಲೆಳೆಯಷ್ಟೇ. ಕಾಗದವನ್ನು ತುಸು ನೆನೆಸಿ ಎಳೆದರೆ ಅದನ್ನೂ ಸರಿಮಾಡಬಹುದಿತ್ತು.

"ನಾ ಹಚ್ಚಂಗಿಲ್ಲವ್ವಾ. ನಾನು ಹಚ್ಚಿದ್ರ ಮೊದಲಿನಂಗಾ ಕಾಣ್ತೈತಿ. ಯಾರೋ ಬಂದು ಖರೇ ಅಂತ ತಿಳ್ಕೊಂಡು ಕೊಳ್ತಾರ. ಅದು ಖೊಟ್ಟಿ ಆಗ್ತೈತಿ."

"ಖರೇ ಅಂತ ಕಂಡ್ರ ಮತ್ತ ರೇಟು ಬರ್ತೈತಿ ಅಂತೀಯಾ?"

"ಹೂಂ."

"ಮತ್ತ ಪಾಲಿಗೆ ಬರ್ತೈತಿ."

ಅವಳು ಸೊಸೆಯ ಕಡೆ ಕೈಚಾಚಿದಳು. ಸೊಸೆ ಏನೆಂದು ಕೇಳದೆ ಒಂದು ಹಿಡಿ ಬಿಸಿ ಅನ್ನ ತಂದು ಅಂಗೈಗೆ ಹಾಕಿದಳು. ಅವ್ವ ಎರಡು ಅಗುಳು ಬೆರಳಲ್ಲಿ ಹಿಸುಕಿ ಚೀಟಿಗಳ ಬೆನ್ನಿಗೆ ಹಚ್ಚಿದಳು. ನನ್ನ ಕೈ ಅರ್ಧಕ್ಕೆ ಎದ್ದಿತ್ತು, ಅದು ನನಗೆ ಖಂಡಿತ ನೆನಪಿದೆ. ಅನ್ನದ ಅಂಟಿಗೆ ಹುಳ ಬರುತ್ತದೆ, ಜಿರಳೆ ಬರುತ್ತದೆ, ಕಾಗದ ಹಳದಿಯಾಗುತ್ತದೆ. ಎಲ್ಲ ಬಾಯಿಯವರೆಗೆ ಬಂತು. ಅವ್ವ ಖಾಲಿ ಚೌಕಗಳ ಕಡೆ ನೋಡಲೂ ಇಲ್ಲ. ಗುಲಾಬಿಯನ್ನು ಎಡಗಡೆಗೆ, ತಲೆಕೆಳಗು ಮಾಡಿ ಒತ್ತಿದಳು. ಕಿತ್ತಳೆಯನ್ನು ನಡುವೆ, ಹಿರಿಯರ ಹೆಸರಿನ ಕೆಳಗೆ, ಸೊಟ್ಟಗೆ. ಹೆಬ್ಬೆರಳಿನಿಂದ ತಿಕ್ಕಿದಳು. ಅಂಚಿನಿಂದ ಅನ್ನದ ಗಂಜಿ ಈಚೆ ಬಂತು.

"ಈಗ ಹೇಳು. ಇದಕ್ಕ ರೇಟು ಐತೇನು?"

"ಇಲ್ಲವ್ವಾ."

"ಪಕ್ಕಾ?"

"ಪಕ್ಕಾ ಇಲ್ಲ."

"ಆ ಬಟ್ಟೆ ಅಂಗಡ್ಯಾಂವ ಬಂದ್ರ?"

"ಅವನೂ ತಗೊಳ್ಳಂಗಿಲ್ಲ."

"ಹಂಗಾದ್ರ ಚಲೋ ಆತು," ಅಂದಳು. ಕೈ ತೊಳೆದುಕೊಂಡು ಬಂದು, ಒರೆಸಿಕೊಂಡು, ವಿಭೂತಿ ಎಳೆದು ಜಗಲಿಯ ಮೇಲೆ ಇಟ್ಟಳು. ಸಣ್ಣ ಮಗ ಊಟಕ್ಕೆ ಕೂತ. ನನ್ನನ್ನೂ ಕೂರಿಸಿದರು, ಅದೇ ಅನ್ನ.

ನನಗೆ ಚಲೋ ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ. ಲೋಕದಲ್ಲಿ ಅಂಥದ್ದು ಇನ್ನೊಂದು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದ ಒಂದನ್ನು ಉಳಿಸಿಕೊಳ್ಳಲು ಅದನ್ನು ಯಾರಿಗೂ ಬೇಡವಾಗುವಂತೆ ಮಾಡಬೇಕಾಯಿತು. ಅವ್ವ ಸಮಾಧಾನವಾಗಿದ್ದಾಳೆ ಎಂಬುದು ಅವಳ ಮಾತು. ಅದನ್ನು ನಾನು ನನ್ನ ಸಮಾಧಾನ ಮಾಡಿಕೊಳ್ಳಲಾರೆ.

ಕಳೆದ ಭಾನುವಾರ ಗೆಳೆಯ ಮಹಡಿಯ ಮೇಲೆ ಎಲ್ಲರ ಎದುರಿಗೆ ಕೇಳಿದ, ಆ ಸೊಟ್ಟ ಚೀಟಿಯ ಲಕೋಟೆಯ ಪಟ ಒಂದು ಇದ್ದರೆ ಅವನ ಕತೆಗೆ ಹಾಕಲು ಚೆನ್ನಾಗಿರುತ್ತದಂತೆ. ಅಣ್ಣ ತಮ್ಮನ ಮನೆಗೆ ಹೋಗಿ ಎಷ್ಟು ದಿನವಾಯಿತು ಗೊತ್ತೇ ಎಂದು ಕೇಳಿದೆ.

"ಹೋಗ್ತಾನ ಬಿಡ್ರಿ ಮೇಡಂ, ಇವತ್ತಲ್ಲ ನಾಳಿ. ಕತಿ ಕೆಡಿಸಬ್ಯಾಡ್ರಿ."

ಪಾಲಾದ ಮೇಲೆ ಬಂದ ದೀಪಾವಳಿಗೆ ದೊಡ್ಡವನು ಕುರುಗೋಡಿಗೆ ಬಂದಿರಲಿಲ್ಲ. ಪೂಜೆಗೆ ನಾನಿದ್ದೆ. ಗುಲಾಬಿ ಚೀಟಿಯ ಒಂದು ಮೂಲೆಯನ್ನು ಆಗಲೇ ಹುಳ ತಿಂದಿತ್ತು. ಅವ್ವ ಅದನ್ನು ನೋಡಿದಳು, ನಾನು ನೋಡಿದ್ದನ್ನೂ ನೋಡಿದಳು, ಅದರ ಮೇಲೆಯೇ ಕುಂಕುಮ ಇಟ್ಟಳು.